ಮಾಧ್ಯಮ ಪಕ್ಷಪಾತ ಮತ್ತು ವ್ಯಕ್ತಿಗತ ಸುದ್ದಿ ಫೀಡ್

ಯಾವ ಸುದ್ದಿ ಕೊಡಬೇಕು, ಎಲ್ಲಿ ಕೊಡಬೇಕು, ಏನು ಶೀರ್ಷಿಕೆ ಇಡಬೇಕು ಎಂಬ ತೀರ್ಮಾನಗಳಲ್ಲಿ ಮತ್ತೆ ಮತ್ತೆ ಒಂದೇ ಕಡೆಗೆ ವಾಲುವುದು ಮಾಧ್ಯಮ ಪಕ್ಷಪಾತ. ಇದಕ್ಕೆ ಸುಳ್ಳೇ ಬೇಕಿಲ್ಲ. ಒಂದೇ ಮೆರವಣಿಗೆ ಒಂದು ಪತ್ರಿಕೆಯ ಮುಖಪುಟದಲ್ಲಿ ‘ರೈತರ ಆಕ್ರೋಶ’ ಆಗಬಹುದು, ಇನ್ನೊಂದರ ಒಳಪುಟದಲ್ಲಿ ‘ಸಂಚಾರ ಅಸ್ತವ್ಯಸ್ತ’ ಆಗಬಹುದು. ಎರಡೂ ನಿಜವೇ, ಓದುಗರ ಮನಸ್ಸಿನಲ್ಲಿ ಉಳಿಯುವ ಚಿತ್ರ ಮಾತ್ರ ಬೇರೆ ಬೇರೆ.

1968ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಸಂಶೋಧಕರಾದ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ ಅವರು ಚಾಪೆಲ್ ಹಿಲ್ ಪಟ್ಟಣದಲ್ಲಿ, ಯಾರಿಗೆ ಮತ ಹಾಕಬೇಕೆಂದು ಇನ್ನೂ ನಿರ್ಧರಿಸದ 100 ಮತದಾರರನ್ನು ಮಾತನಾಡಿಸಿದರು. ಮಾಧ್ಯಮಗಳು ಒತ್ತು ಕೊಟ್ಟ ವಿಷಯಗಳನ್ನೇ ಮತದಾರರೂ ದೇಶದ ಮುಖ್ಯ ಸಮಸ್ಯೆಗಳೆಂದು ಹೇಳಿದರು.

ಒಲವುಳ್ಳ ವಾಹಿನಿ ಮತವನ್ನೇ ಬದಲಿಸಬಲ್ಲದೆ? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಕ್ಕಿದ್ದು ಫಾಕ್ಸ್ ನ್ಯೂಸ್‌ನಿಂದ. 1996ರಲ್ಲಿ ಆರಂಭವಾದ, ರಿಪಬ್ಲಿಕನ್ ಪರ ಒಲವಿನ ಈ ಅಮೆರಿಕನ್ ವಾಹಿನಿ ಎಲ್ಲ ಊರುಗಳ ಕೇಬಲ್‌ನಲ್ಲಿ ಒಟ್ಟಿಗೆ ಬರಲಿಲ್ಲ. ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಈಥನ್ ಕ್ಯಾಪ್ಲನ್ 9,256 ಊರುಗಳ ಮತಗಳನ್ನು ಹೋಲಿಸಿ ನೋಡಿದರು. ವಾಹಿನಿ ತಲುಪಿದ್ದ ಕಡೆ 2000ದ ಹೊತ್ತಿಗೆ ರಿಪಬ್ಲಿಕನ್ ಪಕ್ಷದ ಮತಪ್ರಮಾಣ ಶೇಕಡಾ 0.4ರಿಂದ 0.7 ಅಂಶಗಳಷ್ಟು ಹೆಚ್ಚಿತ್ತು. ಅಂಕಿ ಸಣ್ಣದೇನೋ ಹೌದು. ಆದರೆ ಆ ವರ್ಷ ಇಡೀ ಚುನಾವಣೆಯನ್ನು ನಿರ್ಣಯಿಸಿದ್ದು ಫ್ಲಾರಿಡಾದ 537 ಮತಗಳ ಅಂತರ.

ವಾಹಿನಿಯ ಒಲವು ಊರಿಗೆಲ್ಲ ಕಾಣುತ್ತದೆ. ಅದನ್ನು ಟೀಕಿಸಲು, ವಾದಿಸಲು ಅವಕಾಶವಿರುತ್ತದೆ. ಫೀಡ್ ಹಾಗಲ್ಲ. 2006ರಲ್ಲಿ ಬಂದ ಫೇಸ್‌ಬುಕ್ ನ್ಯೂಸ್ ಫೀಡ್ ಆಗಲಿ, ಕನ್ನಡ ಸುದ್ದಿಯನ್ನೂ ಕೊಡುವ ಬೆಂಗಳೂರಿನ ಡೈಲಿಹಂಟ್ ಆಗಲಿ, ಬಳಕೆದಾರರು ಒತ್ತಿದ್ದು, ನೋಡುತ್ತ ನಿಂತಿದ್ದು, ಹಂಚಿಕೊಂಡಿದ್ದನ್ನು ಲೆಕ್ಕಹಾಕಿ ಮುಂದಿನದನ್ನು ಬಡಿಸುತ್ತವೆ. ಒಂದೇ ಮನೆಯ ಇಬ್ಬರ ಮೊಬೈಲ್‌ಗಳಲ್ಲೂ ಒಂದೇ ಸುದ್ದಿಪಟ್ಟಿ ಇರುವುದಿಲ್ಲ. ಲೆಕ್ಕದ ಸೂತ್ರವೂ ತಟಸ್ಥವಲ್ಲ: 2017ರಿಂದ ಕೆಲಕಾಲ ಫೇಸ್‌ಬುಕ್ ಒಂದು ‘ಸಿಟ್ಟಿನ’ ಇಮೋಜಿಗೆ ಐದು ಲೈಕ್‌ಗಳ ತೂಕ ಕೊಟ್ಟಿತ್ತು. ಜನರನ್ನು ಕೆರಳಿಸುವ ಪೋಸ್ಟ್ ಮೇಲೇರುವುದಕ್ಕೆ ಇದಕ್ಕಿಂತ ಅನುಕೂಲ ಬೇಕೆ?

ಇಂಥ ಆಯ್ಕೆ ಪ್ರತಿಯೊಬ್ಬರನ್ನೂ ತಮ್ಮದೇ ಅಭಿಪ್ರಾಯಗಳ ಗುಳ್ಳೆಯೊಳಗೆ ಕೂರಿಸುತ್ತದೆ ಎಂದು ಲೇಖಕ ಇಲೈ ಪರೈಸರ್ 2011ರಲ್ಲಿ ಎಚ್ಚರಿಸಿದರು. ಸಂಶೋಧನೆಗಳು ಈ ಮಾತನ್ನು ಪೂರ್ತಿ ಒಪ್ಪುವುದಿಲ್ಲ. 2020ರ ಅಮೆರಿಕ ಚುನಾವಣೆಯ ವೇಳೆ 23,000ಕ್ಕೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಫೀಡ್‌ನಲ್ಲಿ ಸಮಾನ ಮನಸ್ಕರ ಪೋಸ್ಟ್‌ಗಳನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿದರೂ ಅವರ ರಾಜಕೀಯ ನಿಲುವು ಅಳೆಯುವಷ್ಟು ಬದಲಾಗಲಿಲ್ಲ. ಕ್ರಿಸ್ ಬೇಲ್ ತಂಡದ 2018ರ ಅಧ್ಯಯನದಲ್ಲಂತೂ ಎದುರು ಪಾಳೆಯದ ಟ್ವೀಟ್‌ಗಳನ್ನು ಒಂದು ತಿಂಗಳು ಓದಿದ ರಿಪಬ್ಲಿಕನ್ನರು ಇನ್ನಷ್ಟು ಸಂಪ್ರದಾಯವಾದಿಗಳಾದರು. ಹಾಗೆಂದು ಫೀಡ್ ನಿರಪಾಯಕಾರಿ ಎನ್ನಲಾಗದು. ವರ್ಷಗಟ್ಟಲೆ ಬೇರೂರಿದ ನಿಲುವನ್ನು ಕೆಲವು ತಿಂಗಳ ಪ್ರಯೋಗ ಅಲುಗಿಸಲಿಲ್ಲ ಎಂಬುದಷ್ಟೇ ಇವುಗಳಿಂದ ಸಿದ್ಧವಾಗುತ್ತದೆ. ಆ ನಿಲುವು ಬೇರೂರುವುದರಲ್ಲಿ ಫೀಡ್‌ನ ಪಾಲೆಷ್ಟು ಎಂಬುದು ಬೇರೆಯದೇ ಪ್ರಶ್ನೆ.

ಫೀಡ್‌ಗಳ ನಿಯಂತ್ರಣಕ್ಕೆ ಕಾನೂನಿನ ದಾರಿ ಹಿಡಿದವರಲ್ಲಿ ಐರೋಪ್ಯ ಒಕ್ಕೂಟ ಪ್ರಮುಖ. ಅದರ ಡಿಜಿಟಲ್ ಸೇವೆಗಳ ಕಾಯ್ದೆಯ ಪ್ರಕಾರ, ಬಳಕೆದಾರರ ವೈಯಕ್ತಿಕ ವಿವರಗಳ ವಿಶ್ಲೇಷಣೆಯನ್ನು ಆಧರಿಸದ ಒಂದು ಫೀಡ್ ಆಯ್ಕೆಯನ್ನಾದರೂ ಅತಿ ದೊಡ್ಡ ಜಾಲತಾಣಗಳು 2023ರ ಆಗಸ್ಟ್‌ನಿಂದ ಒದಗಿಸಲೇಬೇಕು.