ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರವಾಸಿ ತಾಣಗಳು

ಚಿಕ್ಕಬಳ್ಳಾಪುರ ಜಿಲ್ಲೆಯು ಕರ್ನಾಟಕದ ಪೂರ್ವ ಭಾಗದಲ್ಲಿ, ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ಬಯಲುಸೀಮೆಯ ಜಿಲ್ಲೆ. 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿತು. ನಂದಿ ಬೆಟ್ಟದಿಂದಾಗಿ ಈ ಜಿಲ್ಲೆ ಪ್ರವಾಸಿಗರಿಗೆ ಚಿರಪರಿಚಿತವಾಗಿದೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ ಮತ್ತು ಚಿಂತಾಮಣಿ ತಾಲ್ಲೂಕುಗಳಲ್ಲಿ ಪುರಾತನ ದೇವಾಲಯಗಳು, ಗಿರಿದುರ್ಗಗಳು, ಸ್ವಾತಂತ್ರ್ಯ ಹೋರಾಟದ ಸ್ಮಾರಕ, ರೇಷ್ಮೆ ಮಾರುಕಟ್ಟೆ ಹಾಗೂ ಹಲವು ಧರ್ಮಗಳ ಯಾತ್ರಾಸ್ಥಳಗಳೂ ಇವೆ. ಈ ಲೇಖನವು ಮುಖ್ಯವಾಗಿ ಈ ನಾಲ್ಕು ತಾಲ್ಲೂಕುಗಳ ತಾಣಗಳನ್ನು, ಅಲ್ಲಿಗೆ ಹೋಗುವ ಮಾರ್ಗಗಳನ್ನು ಮತ್ತು ಪ್ರವಾಸಿಗರು ಗಮನದಲ್ಲಿಡಬೇಕಾದ ಸಂಗತಿಗಳನ್ನು ವಿವರಿಸುತ್ತದೆ.

ಭೌಗೋಳಿಕ ಹಿನ್ನೆಲೆ

ನಂದಿ ಬೆಟ್ಟಸಾಲು ಮತ್ತು ಅದರ ಆಸುಪಾಸಿನ ಪ್ರದೇಶವು ಹಲವು ನದಿಗಳ ಉಗಮಸ್ಥಾನವಾಗಿದೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಪಾಲಾರ್, ಚಿತ್ರಾವತಿ ಮತ್ತು ಪಾಪಾಗ್ನಿ ನದಿಗಳು ಇಲ್ಲಿಂದ ಬೇರೆ ಬೇರೆ ದಿಕ್ಕುಗಳಿಗೆ ಹರಿಯುತ್ತವೆ. ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮೂಲಕ ಆಂಧ್ರಪ್ರದೇಶವನ್ನು ಪ್ರವೇಶಿಸಿ, ಪೆನ್ನಾ ಎಂಬ ಹೆಸರಿನಲ್ಲಿ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿಯು ತಮಿಳುನಾಡಿನ ಕಡಲೂರಿನ ಬಳಿ ಸಮುದ್ರ ಸೇರಿದರೆ, ಅರ್ಕಾವತಿಯು ಕಾವೇರಿಯಲ್ಲಿ ಲೀನವಾಗುತ್ತದೆ.

ಇಷ್ಟು ನದಿಗಳಿಗೆ ತವರಾದರೂ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೃಷಿ ಮತ್ತು ಕುಡಿಯುವ ನೀರಿಗೆ ಶತಮಾನಗಳಿಂದ ಕೆರೆಗಳೇ ಆಧಾರವಾಗಿದ್ದವು. ಇತ್ತೀಚಿನ ದಶಕಗಳಲ್ಲಿ ಆ ಸ್ಥಾನವನ್ನು ಕೊಳವೆಬಾವಿಗಳು ಆಕ್ರಮಿಸಿವೆ. ಬೆಟ್ಟದ ಮೇಲಿನ ಮಂಜು ಮತ್ತು ಹಸಿರನ್ನಷ್ಟೇ ನೋಡಿ ಹಿಂತಿರುಗುವ ಪ್ರವಾಸಿಗರಿಗೆ ಕೆಳಗಿನ ಬಯಲಿನ ಈ ನೀರಿನ ಕೊರತೆ ಕಣ್ಣಿಗೆ ಬೀಳುವುದು ಅಪರೂಪ.

ಚಿಕ್ಕಬಳ್ಳಾಪುರ ತಾಲ್ಲೂಕು

ನಂದಿ ಬೆಟ್ಟ: ಸಮುದ್ರಮಟ್ಟದಿಂದ ಸುಮಾರು 1,478 ಮೀಟರ್ ಎತ್ತರದಲ್ಲಿರುವ ಗಿರಿಧಾಮ. ಚಿಕ್ಕಬಳ್ಳಾಪುರದ ಪಾಳೆಯಗಾರರ ಬಳಿಕ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಇಲ್ಲಿನ ಕೋಟೆಯನ್ನು ಬಲಪಡಿಸಲಾಯಿತು. ಮೂರನೆಯ ಆಂಗ್ಲೋ-ಮೈಸೂರು ಯುದ್ಧದ ಸಂದರ್ಭದಲ್ಲಿ, 1791ರ ಅಕ್ಟೋಬರ್‌ನಲ್ಲಿ, ಕೋಟೆಯು ಬ್ರಿಟಿಷರ ವಶವಾಯಿತು. ಯೋಗನಂದೀಶ್ವರ ದೇವಾಲಯ, ಅಮೃತ ಸರೋವರ, ಟಿಪ್ಪು ಡ್ರಾಪ್ ಎಂದು ಕರೆಯಲಾಗುವ ಕಡಿದಾದ ಬಂಡೆ ಹಾಗೂ ಬ್ರಿಟಿಷರ ಕಾಲದ ಬಂಗಲೆಗಳು ಇಲ್ಲಿನ ಮುಖ್ಯ ಆಕರ್ಷಣೆಗಳು. 1986ರ ಸಾರ್ಕ್ ಶೃಂಗಸಭೆಯ ಸಂದರ್ಭದಲ್ಲಿ ಸದಸ್ಯ ರಾಷ್ಟ್ರಗಳ ನಾಯಕರು ಇಲ್ಲಿಗೆ ಭೇಟಿ ನೀಡಿದ್ದರು. ಪಶ್ಚಿಮ ಘಟ್ಟದ ಹಕ್ಕಿಯಾದ ನೀಲಗಿರಿ ಕಾಡುಪಾರಿವಾಳ ಹಾಗೂ ಬಂಡೆಗಳ ನಡುವಿನ ಕುರುಚಲು ಕಾಡಿನಲ್ಲಿ ಬದುಕುವ ಹಳದಿ ಕೊರಳಿನ ಪಿಕಳಾರ ಇಲ್ಲಿ ಕಾಣಸಿಗುವುದರಿಂದ ಪಕ್ಷಿವೀಕ್ಷಕರಿಗೂ ಇದು ಪ್ರಿಯವಾದ ಸ್ಥಳ.

ಭೋಗನಂದೀಶ್ವರ ದೇವಾಲಯ: ಬೆಟ್ಟದ ತಪ್ಪಲಿನ ನಂದಿ ಗ್ರಾಮದಲ್ಲಿರುವ ಈ ದೇವಾಲಯ ಸಮುಚ್ಚಯದ ಇತಿಹಾಸವು 9ನೆಯ ಶತಮಾನದ ಆರಂಭದವರೆಗೆ ಹೋಗುತ್ತದೆ. ನೊಳಂಬ, ಬಾಣ, ಗಂಗ, ಚೋಳ, ಹೊಯ್ಸಳ ಮತ್ತು ವಿಜಯನಗರದ ಅರಸರ ಕಾಲದ ಕೊಡುಗೆಗಳು ಇಲ್ಲಿ ಒಂದರ ಪಕ್ಕ ಒಂದು ಉಳಿದಿವೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳ ನಡುವೆ ಚಿಕ್ಕದಾದ ಉಮಾಮಹೇಶ್ವರ ಗುಡಿಯಿದ್ದು, ಅದರ ಕಲ್ಯಾಣಮಂಟಪದ ಕರಿಕಲ್ಲಿನ ಕಂಬಗಳ ಕೆತ್ತನೆ ಬಹು ಸೂಕ್ಷ್ಮವಾಗಿದೆ. ಸ್ಥಳೀಯ ನಂಬಿಕೆಯಂತೆ ಅರುಣಾಚಲೇಶ್ವರನು ಶಿವನ ಬಾಲ್ಯವನ್ನು, ಭೋಗನಂದೀಶ್ವರನು ಯೌವನವನ್ನು, ಬೆಟ್ಟದ ಮೇಲಿನ ಯೋಗನಂದೀಶ್ವರನು ವೈರಾಗ್ಯವನ್ನು ಪ್ರತಿನಿಧಿಸುತ್ತಾರೆ. ಆವರಣದಲ್ಲಿರುವ ಕಲ್ಯಾಣಿಯನ್ನು ಶೃಂಗಿ ತೀರ್ಥವೆಂದು ಕರೆಯುತ್ತಾರೆ. ಇದು ದಕ್ಷಿಣ ಪಿನಾಕಿನಿಯ ಮೂಲವೆಂಬ ನಂಬಿಕೆಯಿದೆ. ಮಹಾಶಿವರಾತ್ರಿಯ ವೇಳೆ ರಥೋತ್ಸವ ಮತ್ತು ದನಗಳ ಜಾತ್ರೆ ನಡೆಯುತ್ತವೆ. ಬೆಟ್ಟಕ್ಕೆ ಬರುವ ಅನೇಕರು ಈ ದೇವಾಲಯವನ್ನು ನೋಡದೆಯೇ ಮರಳುತ್ತಾರೆ. ಆದರೆ ಶಿಲ್ಪ ಮತ್ತು ಇತಿಹಾಸದ ದೃಷ್ಟಿಯಿಂದ ಇಡೀ ಜಿಲ್ಲೆಯಲ್ಲಿ ಮೊದಲು ನೋಡಬೇಕಾದ ಸ್ಥಳಗಳಲ್ಲಿ ಇದೂ ಒಂದು.

ಸ್ಕಂದಗಿರಿ: ಕಳವಾರ ದುರ್ಗವೆಂದೂ ಹೆಸರಿರುವ ಈ ಬೆಟ್ಟವು ಚಾರಣಕ್ಕೆ ಪ್ರಸಿದ್ಧ. ತಪ್ಪಲಿನಲ್ಲಿ ಪಾಪಾಗ್ನಿ ಮಠವೂ ನೆತ್ತಿಯಲ್ಲಿ ಪಾಳುಬಿದ್ದ ಕೋಟೆಯೂ ಇವೆ. ಚಾರಣವನ್ನು ಅರಣ್ಯ ಇಲಾಖೆ ನಿಯಂತ್ರಿಸುತ್ತದೆ. ಅಂತರ್ಜಾಲದ ಮೂಲಕ ಮುಂಗಡವಾಗಿ ಸ್ಥಳ ಕಾಯ್ದಿರಿಸಿದವರಿಗೆ ಮಾತ್ರ ಪ್ರವೇಶವಿದೆ.

ಮುದ್ದೇನಹಳ್ಳಿ: ಎಂಜಿನಿಯರ್ ಹಾಗೂ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಅವರು ಬಾಳಿದ ಮನೆಯು ವಸ್ತುಸಂಗ್ರಹಾಲಯವಾಗಿದೆ. 1962ರಲ್ಲಿ ನಿಧನರಾದ ಅವರ ಸಮಾಧಿಯೂ ಇಲ್ಲಿದೆ.

ಇತರ ತಾಣಗಳು: ಚಿಕ್ಕಬಳ್ಳಾಪುರ ಪಟ್ಟಣಕ್ಕೆ ಸಮೀಪದ ರಂಗಸ್ಥಳದಲ್ಲಿ ವಿಜಯನಗರ ಶೈಲಿಯ ರಂಗನಾಥಸ್ವಾಮಿ ದೇವಾಲಯವಿದೆ. ಆವಲಗುರ್ಕಿಯಲ್ಲಿ 112 ಅಡಿ ಎತ್ತರದ ಆದಿಯೋಗಿ ಪ್ರತಿಮೆಯು 2023ರ ಜನವರಿಯಲ್ಲಿ ಅನಾವರಣಗೊಂಡಿತು. ಆ ಬಳಿಕ ಈ ಭಾಗಕ್ಕೆ ಬರುವವರ ಸಂಖ್ಯೆ ಗಣನೀಯವಾಗಿ ಹೆಚ್ಚಿದೆ.

ಗೌರಿಬಿದನೂರು ತಾಲ್ಲೂಕು

ವಿದುರಾಶ್ವತ್ಥ: ಉತ್ತರ ಪಿನಾಕಿನಿಯ ದಡದಲ್ಲಿರುವ ಯಾತ್ರಾಸ್ಥಳ. ಮಹಾಭಾರತದ ವಿದುರನು ನೆಟ್ಟನೆಂದು ನಂಬಲಾದ ಅಶ್ವತ್ಥ ವೃಕ್ಷದಿಂದ ಈ ಹೆಸರು ಬಂದಿದೆ. ಆ ಹಳೆಯ ಮರವು 2001ರಲ್ಲಿ ಉರುಳಿಬಿದ್ದಿತು. ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ಅಸಂಖ್ಯ ನಾಗರಕಲ್ಲುಗಳು ಇಲ್ಲಿವೆ.

1938ರ ಏಪ್ರಿಲ್ 25ರಂದು, ನಿಷೇಧಾಜ್ಞೆಯ ನಡುವೆಯೂ ರಾಷ್ಟ್ರಧ್ವಜ ಹಾರಿಸಲು ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ಮೃತರ ಸಂಖ್ಯೆಯ ವಿಷಯದಲ್ಲಿ ಅಂದಿನ ಸರ್ಕಾರದ ಲೆಕ್ಕಕ್ಕೂ ಹೋರಾಟಗಾರರ ಲೆಕ್ಕಕ್ಕೂ ಬಹಳ ಅಂತರವಿದೆ. ಘಟನೆಯ ನಂತರ ಸರ್ದಾರ್ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ನಡೆದ ಮಾತುಕತೆಯ ಫಲವಾಗಿ ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ ದೊರೆಯಿತು. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಕರೆಯಲಾಗುವ ಈ ಸ್ಥಳದಲ್ಲಿ ಹುತಾತ್ಮರ ಸ್ಮಾರಕ ಮತ್ತು ವೀರಸೌಧವಿದ್ದು, ಸ್ವಾತಂತ್ರ್ಯ ಹೋರಾಟದ ಚಿತ್ರಗಳನ್ನು ಪ್ರದರ್ಶಿಸಲಾಗಿದೆ.

ವಿಜ್ಞಾನ ಕೇಂದ್ರಗಳು: ಗೌರಿಬಿದನೂರಿನ ಸಮೀಪದ ರೇಡಿಯೋ ವೀಕ್ಷಣಾಲಯವು 1976ರಿಂದ ಕಾರ್ಯನಿರ್ವಹಿಸುತ್ತಿದ್ದು, ಸೂರ್ಯನ ಹೊರವಲಯದಿಂದ ಬರುವ ರೇಡಿಯೋ ತರಂಗಗಳನ್ನು ಅಧ್ಯಯನ ಮಾಡುತ್ತದೆ. ಇದು ಸಂಶೋಧನಾ ಕೇಂದ್ರವಾದ್ದರಿಂದ ವಿದ್ಯಾರ್ಥಿಗಳ ತಂಡಗಳು ಮುಂಚಿತವಾಗಿ ಅನುಮತಿ ಪಡೆದು ಹೋಗಬೇಕು. ವಿಚಾರವಾದಿ ಹಾಗೂ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರ ಹುಟ್ಟೂರಾದ ಹೊಸೂರು ಇದೇ ತಾಲ್ಲೂಕಿನಲ್ಲಿದೆ.

ಶಿಡ್ಲಘಟ್ಟ ತಾಲ್ಲೂಕು

ಶಿಡ್ಲಘಟ್ಟವು ರಾಜ್ಯದ ಪ್ರಮುಖ ರೇಷ್ಮೆ ಕೇಂದ್ರಗಳಲ್ಲೊಂದು. ಸುತ್ತಲಿನ ಹಳ್ಳಿಗಳ ರೈತರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ. ಹುಳುಗಳು ಚಂದ್ರಿಕೆಗಳಲ್ಲಿ ಗೂಡು ಕಟ್ಟಿದ ಮೇಲೆ ಅವನ್ನು ಬಿಡಿಸಿ ಸರ್ಕಾರಿ ಗೂಡು ಮಾರುಕಟ್ಟೆಗೆ ತರುತ್ತಾರೆ. ಒಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ನೂಲಿನ ಎಳೆ ತುಂಡಾಗುವುದರಿಂದ ಗೂಡನ್ನು ಬಹಳ ದಿನ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಅಂದಿನ ಬೆಲೆಗೆ ಅಂದೇ ಮಾರುವುದು ರೈತನಿಗೆ ಅನಿವಾರ್ಯ. ಖರೀದಿಸಿದ ರೀಲರ್‌ಗಳು ಬಿಸಿನೀರಿನಲ್ಲಿ ಗೂಡನ್ನು ಬೇಯಿಸಿ, ನೂರಾರು ಮೀಟರ್ ಉದ್ದದ ಎಳೆಯನ್ನು ಬಿಚ್ಚಿ ನೂಲು ತೆಗೆಯುತ್ತಾರೆ.

ಈ ಪಟ್ಟಣವನ್ನು ಪ್ರವಾಸಿ ತಾಣವೆಂದು ಸಾಮಾನ್ಯವಾಗಿ ಯಾರೂ ಪರಿಗಣಿಸುವುದಿಲ್ಲ. ಆದರೂ ರೇಷ್ಮೆ ಸೀರೆಯ ಹಿಂದಿನ ದುಡಿಮೆಯನ್ನು ಅರಿಯಲು ಬಯಸುವವರಿಗೆ ಬೆಳಗಿನ ಹರಾಜು ಒಳ್ಳೆಯ ಪಾಠ. ಮಾರುಕಟ್ಟೆಯ ಅಧಿಕಾರಿಗಳ ಅನುಮತಿ ಪಡೆದು ಒಳಹೋಗಬೇಕು. ಗೂಡುಗಳನ್ನು ಮುಟ್ಟುವುದಾಗಲಿ ಹರಾಜಿಗೆ ಅಡ್ಡಿಯಾಗುವಂತೆ ಚಿತ್ರ ತೆಗೆಯುವುದಾಗಲಿ ಸಲ್ಲದು. ತಾಲ್ಲೂಕಿನ ಇನ್ನೊಂದು ಪರಿಚಿತ ಸ್ಥಳ ತಲಕಾಯಲಬೆಟ್ಟ.

ಚಿಂತಾಮಣಿ ತಾಲ್ಲೂಕು

ಕೈವಾರ: ಮಹಾಭಾರತದ ಏಕಚಕ್ರಪುರ ಇದೇ ಎಂದೂ ಭೀಮನು ಬಕಾಸುರನನ್ನು ಕೊಂದದ್ದು ಇಲ್ಲಿಯ ಬೆಟ್ಟದಲ್ಲೆಂದೂ ಐತಿಹ್ಯವಿದೆ. ಭೀಮಲಿಂಗೇಶ್ವರ ಮತ್ತು ಅಮರನಾರೇಯಣ ದೇವಾಲಯಗಳು ಇಲ್ಲಿವೆ. ಬಳೆ ಮಾರುವ ವೃತ್ತಿಯಲ್ಲಿದ್ದು ಯೋಗಿಯಾದ ಕೈವಾರದ ತಾತಯ್ಯ, ಅಂದರೆ ಯೋಗಿ ನಾರೇಯಣರು, ತೆಲುಗು ಮತ್ತು ಕನ್ನಡ ಎರಡರಲ್ಲೂ ಕೀರ್ತನೆಗಳನ್ನು ರಚಿಸಿದರು. ಅವರ ಕಾಲಜ್ಞಾನವು ಗಡಿಯ ಎರಡೂ ಬದಿಗಳಲ್ಲಿ ಪ್ರಸಿದ್ಧವಾಗಿದೆ.

ಕೈಲಾಸಗಿರಿ ಮತ್ತು ಅಂಬಾಜಿದುರ್ಗ: ಕೈಲಾಸಗಿರಿಯಲ್ಲಿ ಬಂಡೆಯನ್ನು ಕೊರೆದು ನಿರ್ಮಿಸಿದ ಆಧುನಿಕ ಕಾಲದ ಗುಹಾ ದೇವಾಲಯಗಳಿವೆ. ಸಮೀಪದ ಅಂಬಾಜಿದುರ್ಗ ಮತ್ತು ರಹಮಾನ್‌ಗಡ ಕೋಟೆಯ ಅವಶೇಷಗಳುಳ್ಳ ಬೆಟ್ಟಗಳು.

ಮುರುಗಮಲ್ಲ ಮತ್ತು ಆಲಂಬಗಿರಿ: ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನ್ ದರ್ಗಾ ಹಾಗೂ ಮುಕ್ತೀಶ್ವರ ದೇವಾಲಯ ಎರಡೂ ಇದ್ದು, ವಿವಿಧ ಧರ್ಮಗಳ ಜನರು ಇಲ್ಲಿಗೆ ಬರುತ್ತಾರೆ. ಆಲಂಬಗಿರಿಯು ಲಕ್ಷ್ಮೀವೆಂಕಟರಮಣ ದೇವಾಲಯಕ್ಕೆ ಹೆಸರಾಗಿದೆ.

ಸಂಪರ್ಕ ಮತ್ತು ಪ್ರವಾಸದ ಯೋಜನೆ

ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಚಿಕ್ಕಬಳ್ಳಾಪುರವು ರಾಷ್ಟ್ರೀಯ ಹೆದ್ದಾರಿ 44ರ ಮೇಲಿದೆ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿ ಪಟ್ಟಣಗಳನ್ನು ರಾಷ್ಟ್ರೀಯ ಹೆದ್ದಾರಿ 69 ಪಶ್ಚಿಮದಿಂದ ಪೂರ್ವಕ್ಕೆ ಇದೇ ಕ್ರಮದಲ್ಲಿ ಜೋಡಿಸುತ್ತದೆ. ಗೌರಿಬಿದನೂರು ಬೆಂಗಳೂರು–ಹಿಂದೂಪುರ ರೈಲುಮಾರ್ಗದಲ್ಲಿದೆ. ಉಳಿದ ಮೂರು ಪಟ್ಟಣಗಳು ಯಲಹಂಕ–ಕೋಲಾರ ಮಾರ್ಗದಲ್ಲಿವೆ. ಇದೇ ಮಾರ್ಗದ ನಂದಿ ಹಾಲ್ಟ್, ನ್ಯಾರೋಗೇಜ್ ಕಾಲದ ಹಳೆಯ ನಿಲ್ದಾಣ. ರೈಲುಗಳ ಸಂಖ್ಯೆ ಕಡಿಮೆಯಿರುವುದರಿಂದ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಬೇಕು.

ಒಂದು ದಿನದ ಪ್ರವಾಸಕ್ಕೆ ನಂದಿ ಬೆಟ್ಟ, ಭೋಗನಂದೀಶ್ವರ ದೇವಾಲಯ ಮತ್ತು ಮುದ್ದೇನಹಳ್ಳಿ ಸೂಕ್ತ. ಎರಡನೆಯ ದಿನ ಲಭ್ಯವಿದ್ದರೆ ಪೂರ್ವಕ್ಕೆ ಸಾಗಿ ಬೆಳಿಗ್ಗೆ ಶಿಡ್ಲಘಟ್ಟದ ಮಾರುಕಟ್ಟೆ, ಮಧ್ಯಾಹ್ನದ ನಂತರ ಕೈವಾರ ಮತ್ತು ಕೈಲಾಸಗಿರಿಯನ್ನು ನೋಡಬಹುದು. ವಿದುರಾಶ್ವತ್ಥವು ವಿರುದ್ಧ ದಿಕ್ಕಿನಲ್ಲಿರುವುದರಿಂದ ಅದಕ್ಕೆ ಪ್ರತ್ಯೇಕವಾಗಿ ಅರ್ಧ ದಿನ ಮೀಸಲಿಡುವುದು ಒಳಿತು. ಜೂನ್‌ನಿಂದ ಫೆಬ್ರವರಿಯವರೆಗಿನ ಅವಧಿ ಹಿತಕರ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಂಡೆಗಳು ಕಾದು ಚಾರಣ ಕಷ್ಟವಾಗುತ್ತದೆ. ರಾಗಿಮುದ್ದೆ, ಸೊಪ್ಪಿನ ಸಾರು, ಬಸ್ಸಾರು ಈ ಭಾಗದ ನಿತ್ಯದ ಊಟ. ಚಳಿಗಾಲದಲ್ಲಿ ಹಿತಕಿದ ಅವರೆಬೇಳೆಯ ಸಾರು ವಿಶೇಷ. ಕನ್ನಡದ ಜೊತೆಗೆ ತೆಲುಗು ವ್ಯಾಪಕವಾಗಿ ಬಳಕೆಯಲ್ಲಿದೆ.

ಪರಿಸರ ಮತ್ತು ನೀರಿನ ಸಮಸ್ಯೆ

ವಾರಾಂತ್ಯದ ಮುಂಜಾನೆ ನಂದಿ ಬೆಟ್ಟದ ರಸ್ತೆಯಲ್ಲಿ ವಾಹನಗಳ ದಟ್ಟಣೆ ಉಂಟಾಗುತ್ತದೆ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಯಿಂದ ಭೂಕುಸಿತವಾಗಿ ರಸ್ತೆ ಕೊಚ್ಚಿಹೋದ ಕಾರಣ ಬೆಟ್ಟವನ್ನು ಸುಮಾರು ಮೂರು ತಿಂಗಳು ಮುಚ್ಚಬೇಕಾಯಿತು. ಬೆಟ್ಟಸಾಲಿನ ಮೇಲಿನ ಮಣ್ಣು ತೆಳುವಾಗಿದ್ದು, ಅದನ್ನು ಹಿಡಿದಿಡುವುದು ಗಿಡಮರಗಳ ಬೇರುಗಳೇ. ಕಾಡ್ಗಿಚ್ಚು ಮತ್ತು ಕಲ್ಲು ಗಣಿಗಾರಿಕೆ ಈ ಹೊದಿಕೆಗೆ ಒದಗಿರುವ ಮುಖ್ಯ ಅಪಾಯಗಳು. ಹೊದಿಕೆ ಹೋದರೆ ಮಳೆನೀರು ಇಂಗದೆ ಹರಿದುಹೋಗುತ್ತದೆ ಮತ್ತು ಕೆಳಗಿನ ಕೆರೆಗಳು ಹೂಳಿನಿಂದ ತುಂಬುತ್ತವೆ.

ಜಿಲ್ಲೆಯ ಅಂತರ್ಜಲವು ಅತಿಯಾಗಿ ಬಳಕೆಯಾಗಿದ್ದು, ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹಲವೆಡೆ ಹೆಚ್ಚಿದೆ. ಇದಕ್ಕೆ ಪರಿಹಾರವಾಗಿ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆಗಳು ತುಂಬಿದ್ದರಿಂದ ಅಂತರ್ಜಲಕ್ಕೆ ಅನುಕೂಲವಾಗಿದೆ ಎಂಬುದು ಯೋಜನೆಯ ಪರವಾಗಿರುವವರ ವಾದ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕು ಎಂಬುದು ನೀರಾವರಿ ಹೋರಾಟಗಾರರ ಬೇಡಿಕೆ. ಪಶ್ಚಿಮ ಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಯ ಫಲಾನುಭವಿ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು.

ಪ್ರವಾಸಿಗರಿಗೆ ಸೂಚನೆಗಳು

- ನಂದಿ ಬೆಟ್ಟಕ್ಕೆ ವಾರದ ದಿನಗಳಲ್ಲಿ ಹೋಗುವುದು ಉತ್ತಮ. ವಾರಾಂತ್ಯ ಮತ್ತು ಹೊಸ ವರ್ಷದ ಸಂದರ್ಭಗಳಲ್ಲಿ ಜಿಲ್ಲಾಡಳಿತ ನಿರ್ಬಂಧ ವಿಧಿಸುವುದುಂಟು.
- ಬೇಸಿಗೆಯಲ್ಲಿ ಬೆಟ್ಟಗಳಲ್ಲಿ ಬೆಂಕಿ ಹಚ್ಚಬಾರದು, ಸಿಗರೇಟಿನ ತುಂಡನ್ನು ಎಸೆಯಬಾರದು. ಒಣಹುಲ್ಲಿಗೆ ತಗುಲಿದ ಕಿಡಿ ಇಡೀ ಇಳಿಜಾರನ್ನು ಸುಡಬಲ್ಲದು.
- ಕೆರೆಗಳು ತುಂಬಿ ಸುಂದರವಾಗಿ ಕಂಡರೂ ಅವುಗಳ ನೀರನ್ನು ಕುಡಿಯಬಾರದು, ಅವುಗಳಲ್ಲಿ ಈಜಬಾರದು. ಚಿಕ್ಕಬಳ್ಳಾಪುರ ಬಳಿಯ ಶ್ರೀನಿವಾಸಸಾಗರದಂತಹ ಜಲಾಶಯಗಳ ಗೋಡೆಯನ್ನು ಏರುವುದು ಜೀವಕ್ಕೆ ಅಪಾಯಕಾರಿ.
- ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು ಮತ್ತು ಪ್ಲಾಸ್ಟಿಕ್ ತ್ಯಾಜ್ಯವನ್ನು ಮರಳಿ ತರಬೇಕು.
- ವಸತಿಗೃಹಗಳಲ್ಲಿ ನೀರನ್ನು ಮಿತವಾಗಿ ಬಳಸಬೇಕು. ಅಲ್ಲಿಗೆ ಬರುವ ನೀರು ಬಹುಪಾಲು ಸುತ್ತಲಿನ ರೈತರೂ ಅವಲಂಬಿಸಿರುವ ಅಂತರ್ಜಲದಿಂದಲೇ ಬರುತ್ತದೆ.