ಹಗೇವಿನ ರಾಗಿ

ಹತ್ತಿರದ ಹೊಲದಲ್ಲಿ ಬೆಳೆದದ್ದನ್ನೇ ಉಣ್ಣಬೇಕೆಂಬ ಮಾತು ಈಚೆಗೆ ಪಟ್ಟಣಗಳಲ್ಲಿ ಮತ್ತೆ ಕೇಳಿಬರುತ್ತಿದೆ. ನಮ್ಮ ಮನೆಯಲ್ಲಿಯೂ ಒಂದು ತಿಂಗಳು ಅದನ್ನು ನಡೆಸಿ ನೋಡಿದೆವು. ರಾಗಿ, ಹುರುಳಿ, ಅವರೆ, ಸೊಪ್ಪು ಸುಲಭವಾಗಿ ಒದಗಿದವು. ಒಗ್ಗರಣೆಯ ಹೊತ್ತಿಗೆ ವ್ರತ ಕೆಟ್ಟಿತು. ಇಂಗು ಆಫ್ಘಾನಿಸ್ತಾನದ ಕಡೆಯದು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಅಷ್ಟೇಕೆ, ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಬಂದು ನಮ್ಮದಾದ ಬೆಳೆ. ಯಾವುದು ನಮ್ಮದು ಎಂಬ ವಾದ ಹಾಗಿರಲಿ. ಹಳೆಯ ಮೈಸೂರು ಸೀಮೆಯ ಒಕ್ಕಲು ಮಳೆಗಾಲದ ಒಂದೇ ಬೆಳೆಯನ್ನು ನೆಚ್ಚಿ ವರ್ಷವಿಡೀ ಉಂಡದ್ದು ಹೇಗೆ ಎಂಬುದು ಕೇಳಬೇಕಾದ ಪ್ರಶ್ನೆ. ಇದರ ಉತ್ತರ ಹೊಲದಲ್ಲಿ ಅರ್ಧ ಮಾತ್ರ ಇದೆ. ಉಳಿದ ಅರ್ಧ ಹಗೇವಿನಲ್ಲಿದೆ.

ನೀರು ನಿಲ್ಲದ ಗಟ್ಟಿ ನೆಲದಲ್ಲಿ ತೋಡಿದ ಕಣಜವೇ ಹಗೇವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಡಲು ಗುಡಾಣದಂತೆ ಅಗಲ. ಒಳಗೆ ಹುಲ್ಲು ಹಾಸಿ, ಒಣಗಿದ ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಗಾಳಿ ಕೆಡುತ್ತದೆ. ಆ ಕೆಟ್ಟ ಗಾಳಿಯಲ್ಲಿ ಹುಳು ಬದುಕಲಾರದು. ಮನುಷ್ಯನೂ ಬದುಕಲಾರ. ಅದಕ್ಕಾಗಿಯೇ ಹಗೇವು ತೆಗೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುವುದು. ರಾಗಿಯ ಕಾಳು ಸಣ್ಣದು, ಗಟ್ಟಿ; ಹೀಗೆ ಇಟ್ಟರೆ ವರ್ಷಗಟ್ಟಲೆ ಕೆಡದು.

ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ನಾವು ಬಡವರ ಧಾನ್ಯ, ಉಳ್ಳವರ ಧಾನ್ಯಗಳ ಜಗಳವೆಂದು ಓದುತ್ತೇವೆ. ಅದು ಸರಿಯೇ. ಆದರೆ ಅಲ್ಲಿ ಶ್ರೀರಾಮ ಇಡುವ ಪರೀಕ್ಷೆ ಯಾವುದು? ರುಚಿಯದಲ್ಲ, ಬಣ್ಣದ್ದಲ್ಲ. ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಳೆಗುಂದುತ್ತದೆ, ರಾಗಿ ತಾಳಿಕೊಳ್ಳುತ್ತದೆ. ಹಗೇವು ತೆಗೆದು ನೋಡಿದವರ ಅನುಭವವೇ ಆ ತೀರ್ಪಿನ ಹಿಂದೆ ಇದ್ದಂತೆ ನನಗೆ ತೋರುತ್ತದೆ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಆಜ್ಞೆಯಂತೆ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಬೆದ್ದಲು ಬೆಳೆಗಳಲ್ಲಿ ರಾಗಿಯೇ ಮುಖ್ಯವೆಂದೂ ಸಾಮಾನ್ಯ ಜನರ ನಿತ್ಯದ ಆಹಾರ ಅದೇ ಎಂದೂ ಬರೆದಿದ್ದಾನೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾದೀತು. 1876ರಿಂದ 78ರವರೆಗಿನ ಮಹಾಕ್ಷಾಮವನ್ನು ಮರೆತು ಹಗೇವನ್ನು ಹೊಗಳಲಾಗದು. ಒಂದು ವರ್ಷದ ಬರಕ್ಕೆ ಅದು ಊರುಗೋಲು. ಮೇಲಿಂದ ಮೇಲೆ ಮಳೆ ತಪ್ಪಿದರೆ ಅದೂ ಬರಿದು. ಸ್ವಂತ ಹಗೇವೇ ಇಲ್ಲದ ಕೂಲಿಯವನಿಗೆ ಮೊದಲ ವರ್ಷವೇ ಗತಿಯಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಆಗ ಮದರಾಸಿನಿಂದ ರೈಲಿನಲ್ಲಿ ಬಂದ ಧಾನ್ಯ 'ಪರವೂರಿನದು' ಎಂದು ಬೇಡವೆನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ತನ್ನ ನೆಲದ್ದನ್ನಷ್ಟೇ ಉಣ್ಣುವುದು ಇಂದು ನಮ್ಮ ಇಚ್ಛೆ. ಅವರಿಗೆ ಅದು ಬಿಡಿಸಿಕೊಳ್ಳಲಾಗದ ಕಟ್ಟು.

ಮುಂದೆ ದಾರಿಗಳು ತೆರೆದವು. ಯುದ್ಧಕಾಲದಲ್ಲಿ ಪಡಿತರ ಬಂತು. 1960ರ ದಶಕದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಗಳನ್ನು ನಮ್ಮ ತಳಿಗಳೊಡನೆ ಬೆರೆಸಿ 'ಇಂಡಾಫ್' ರಾಗಿಯನ್ನು ತೆಗೆಯತೊಡಗಿದರು. ಎಕರೆಯ ಇಳುವರಿ ಏರಿತು. ಹೊಲ ಸೋಲಲಿಲ್ಲ, ಸೋತದ್ದು ಹಗೇವು. ತಿಂಗಳಿಗೊಮ್ಮೆ ಅಕ್ಕಿ ಸಿಗುವಾಗ ಮೂರು ವರ್ಷದ ರಾಗಿಯನ್ನು ಹೂಳಿಡುವವರು ಯಾರು? 2013ರಲ್ಲಿ ಪಡಿತರದ ಅಕ್ಕಿ ಕಿಲೋಗೆ ಒಂದು ರೂಪಾಯಿಗೆ ಇಳಿದಾಗ ಬಡವರು ಅದನ್ನು ಒಲವಿನಿಂದ ಕೊಂಡರೆಂದು ಅವರನ್ನು ದೂರುವ ಹಕ್ಕು, ಬೆಲೆ ಕೇಳದೆ ರಾಗಿ ಬಿಸ್ಕತ್ತು ಕೊಳ್ಳುವ ನಮಗಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗಲೂ ಮಾತೆಲ್ಲ ಬೆಳೆಯುವುದರ, ತಿನ್ನುವುದರ ಸುತ್ತಲೇ ನಡೆಯಿತು. ಕೂಡಿಡುವುದರ ಸುದ್ದಿ ಕಡಿಮೆ.

ನಮ್ಮ ಮನೆಯ ಪ್ರಯೋಗವೂ ಕೊನೆಗೆ ಮುಗ್ಗರಿಸಿದ್ದು ಅಲ್ಲಿಯೇ. ಸುಗ್ಗಿಯಲ್ಲಿ ಒಂದು ಮೂಟೆ ರಾಗಿ ಕೊಂಡೆವು, ಇಡಲು ಜಾಗವಿರಲಿಲ್ಲ.

ತಾಯಿಯ ಊರಿನಲ್ಲಿ ಕೆಲವು ವರ್ಷಗಳ ಹಿಂದೆ ನೀರಿನ ಕೊಳವೆಗಾಗಿ ಬೀದಿ ಅಗೆದಾಗ ಒಂದು ಹಗೇವು ಬಾಯಿ ತೆರೆದುಕೊಂಡಿತು. ಅದು ಯಾರ ಮನೆಯದೆಂದು ಹೇಳಬಲ್ಲವರು ಒಬ್ಬ ಅಜ್ಜಿ ಮಾತ್ರ. ಕಲ್ಲು ಮಣ್ಣು ತುಂಬಿ ಮುಚ್ಚಿದರು. ಅದರ ಬಾಯಿಗಿದ್ದ ಚಪ್ಪಡಿ ಈಗ ನಲ್ಲಿಯ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ.