ತಿಪಟೂರು ಸೀಮೆಯ ತೆಂಗು ಮತ್ತು ಬರ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿಗೂ ಉಂಡೆಕೊಬ್ಬರಿಗೂ ಹೆಸರಾದ ಬಯಲುಸೀಮೆ. ಇಲ್ಲಿಗೆ ಮತ್ತೆ ಮತ್ತೆ ಬಂದಿರುವ ಪ್ರಕೃತಿ ವಿಕೋಪವೆಂದರೆ ಬರ. ರಾಗಿ ಹೊಲದಲ್ಲಿ ಬರದ ನಷ್ಟ ಆ ಹಂಗಾಮಿನಲ್ಲೇ ಕಾಣುತ್ತದೆ. ತೆಂಗಿನ ತೋಟದಲ್ಲಿ ಅದು ವರ್ಷಗಟ್ಟಲೆ ಮುಂದುವರಿಯುತ್ತದೆ. ಸರ್ಕಾರಿ ದಾಖಲೆಯ ಬರಕ್ಕೂ ಬೆಳೆಗಾರರು ಅನುಭವಿಸುವ ಬರಕ್ಕೂ ತಾಳೆಯಾಗದಿರಲು ಇದೇ ಮುಖ್ಯ ಕಾರಣ.

ಹಿನ್ನೆಲೆ: 1876–78ರ ಧಾತು–ಈಶ್ವರ ಸಂವತ್ಸರಗಳ ಕ್ಷಾಮದ ನಂತರ ಮೈಸೂರು ಸಂಸ್ಥಾನದ ಜನಸಂಖ್ಯೆ 50.55 ಲಕ್ಷದಿಂದ (1871) 41.86 ಲಕ್ಷಕ್ಕೆ (1881) ಇಳಿದಿತ್ತು. ಕ್ಷಾಮದ ಪಾಠದಿಂದ ಸಂಸ್ಥಾನವು ರೈಲು ಮತ್ತು ನೀರಾವರಿಗೆ ಒತ್ತು ಕೊಟ್ಟಿತು. 1889ರಲ್ಲಿ ಪೂರ್ಣಗೊಂಡ ಬೆಂಗಳೂರು–ಹರಿಹರ ಮಾರ್ಗ ತಿಪಟೂರಿನ ಕೊಬ್ಬರಿಗೆ ದೂರದ ಪೇಟೆಗಳ ದಾರಿ ತೆರೆಯಿತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಜಲಾಶಯವೂ ಆ ಕಾಲದ್ದೇ. 1979ರಲ್ಲಿ ಹೇಮಾವತಿ ನದಿಯ ಗೊರೂರು ಅಣೆಕಟ್ಟೆ ಮುಗಿದ ಮೇಲೆ ಅದರ ನಾಲೆ ತಿಪಟೂರು, ತುರುವೇಕೆರೆ ಕಡೆ ಹರಿಯಿತು. ಚಿಕ್ಕನಾಯಕನಹಳ್ಳಿಯ ಬಹುಭಾಗ ಬಹುಕಾಲ ಹೊರಗೇ ಉಳಿಯಿತು.

ನುಸಿ ಪೀಡೆ: ತೆಂಗಿಗೆ ಬರದ ಜೊತೆಗೆ ಪೀಡೆಯ ಪೆಟ್ಟೂ ಬಿದ್ದಿತು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಬೇಗನೆ ಕರ್ನಾಟಕಕ್ಕೂ ಹಬ್ಬಿ, ಕಾಯಿಗಳು ಸಿಪ್ಪೆ ಬಿರಿದು ಸಣ್ಣವಾದವು. ಆದಾಯ ಕುಸಿದ ಬೆಳೆಗಾರರು ನೀರಾ ಇಳಿಸಲು ಅನುಮತಿ ಕೇಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನೀರಾ ಚಳವಳಿಯ ವೇಳೆ ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು.

ಸರಣಿ ಬರ: 2011ರಿಂದ 2017ರ ನಡುವೆ ಮಳೆ ಮೇಲಿಂದ ಮೇಲೆ ಕೈಕೊಟ್ಟಿದ್ದು ಈ ಸೀಮೆಯ ಇತಿಹಾಸದಲ್ಲಿ ದೊಡ್ಡ ತಿರುವು. ಕೆರೆಗಳು ಬತ್ತಿದವು, ಕೊಳವೆಬಾವಿಗಳು ಆಳಕ್ಕಿಳಿದವು, ಅವುಗಳೊಂದಿಗೆ ಸಾಲವೂ ಬೆಳೆಯಿತು. ಟ್ಯಾಂಕರ್ ನೀರು ಹಾಕಿಯೂ ಫಲಕ್ಕೆ ಬಂದ ಮರಗಳು ಸುಳಿ ಒಣಗಿ ಸತ್ತವು. ಸೊರಗಿದ ಮರಗಳಿಗೆ ಅಣಬೆ ರೋಗ ಸುಲಭವಾಗಿ ಅಂಟುವುದರಿಂದ, ಮರ ಬರದಿಂದ ಸತ್ತಿತೋ ರೋಗದಿಂದಲೋ ಎಂದು ಬೇರ್ಪಡಿಸುವುದೇ ಕಷ್ಟ. ಪರಿಹಾರದ ಎಣಿಕೆ ತಕರಾರಿಗೆ ಸಿಕ್ಕುವುದು ಇಲ್ಲಿಯೇ.

ತಡವಾಗಿ ಬರುವ ನಷ್ಟ: ತೆಂಗಿನ ಹೊಂಬಾಳೆ ಮರದೊಳಗೆ ಮೊಳೆತು ಕಾಯಿ ಬಲಿಯುವ ತನಕ ಸುಮಾರು 44 ತಿಂಗಳು ಹಿಡಿಯುತ್ತದೆ. ಹೀಗಾಗಿ ಒಂದು ವರ್ಷದ ಬರ ಹರಳು ಉದುರಿಸುವುದರ ಜೊತೆಗೆ ಮುಂದಿನ ಎರಡು ಮೂರು ವರ್ಷಗಳ ಇಳುವರಿಯನ್ನೂ ಕುಗ್ಗಿಸುತ್ತದೆ. ಅದರ ಮೇಲೆ, ಉಂಡೆಕೊಬ್ಬರಿಗಾಗಿ ಕಾಯಿಯನ್ನು ಒಂದು ವರ್ಷದಷ್ಟು ಕಾಲ ಅಟ್ಟದ ಮೇಲೆ ಇಡಬೇಕು. ಮಳೆ ಮರಳಿ ಬಂದ ವರ್ಷವೇ ಮನೆಯಲ್ಲಿ ಹಣವಿಲ್ಲದ ವರ್ಷವೂ ಆಗಬಹುದು.

ಪರಿಹಾರದ ನಿಯಮಗಳು ಈ ಕಾಲಮಾನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 18,000 ರೂಪಾಯಿ ಇದ್ದ ನೆರವು 2022ರ ಪರಿಷ್ಕರಣೆಯಲ್ಲಿ 22,500ಕ್ಕೆ ಏರಿತು. ಮಿತಿ 2 ಹೆಕ್ಟೇರ್. 2009ರಲ್ಲಿ ಆರಂಭವಾದ ತೆಂಗು ವಿಮೆಯಲ್ಲಿ 16ರಿಂದ 60 ವರ್ಷದ ಒಂದು ಮರಕ್ಕೆ ನಿಗದಿಯಾದ ಮೊತ್ತ 1,750 ರೂಪಾಯಿ. ಬೆಳೆ ಪರಿಹಾರ ಪಹಣಿಯಲ್ಲಿ ಹೆಸರಿರುವವರಿಗೆ ಸಂದಾಯವಾಗುತ್ತದೆ. ಮರ ಹತ್ತುವವರು, ಕಾಯಿ ಸುಲಿಯುವವರು, ಕೊಬ್ಬರಿ ಒಡೆಯುವ ಹೆಂಗಸರು ಕೂಲಿ ಕಳೆದುಕೊಂಡರೂ ಈ ಪಟ್ಟಿಯಲ್ಲಿ ಬರುವುದಿಲ್ಲ.

ಇತ್ತೀಚಿನ ಬೆಳವಣಿಗೆ: 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದೇ ವರ್ಷ ಉಂಡೆಕೊಬ್ಬರಿಯ ಪೇಟೆ ಧಾರಣೆ ಕ್ವಿಂಟಲ್‌ಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತಲೂ ಬಹಳ ಕೆಳಗಿಳಿಯಿತು. 2025ರ ಮಧ್ಯದ ಹೊತ್ತಿಗೆ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 25,000 ದಾಟಿತು. ಆದರೆ ಇಳುವರಿ ಕುಸಿದಿದ್ದರಿಂದಲೇ ಬೆಲೆ ಏರಿದ್ದ ಕಾರಣ, ಅನೇಕರ ಅಟ್ಟದಲ್ಲಿ ಮಾರಲು ಕೊಬ್ಬರಿ ಇರಲಿಲ್ಲ. ತೆಂಗಿನ ಸೀಮೆಯ ಬರವನ್ನು ಘೋಷಣೆಯಾದ ಒಂದು ವರ್ಷಕ್ಕೆ ಸೀಮಿತಗೊಳಿಸದೆ, ಕನಿಷ್ಠ ಮುಂದಿನ ಮೂರು ವರ್ಷಗಳ ಇಳುವರಿ, ಸಾಲ, ಕೂಲಿಗಳೊಂದಿಗೆ ಸೇರಿಸಿ ಅಳೆದರೆ ಮಾತ್ರ ನಷ್ಟದ ನಿಜವಾದ ಪ್ರಮಾಣ ತಿಳಿಯುತ್ತದೆ.